ಬೋರ್ಡಿಲ್ಲದ ಸಂಘ

ಗುರುನಾಥನಿಗೆ ಕನಸು ಬೀಳುತ್ತಿರಲಿಲ್ಲ. ಅದೊಂದು ಕೊರತೆಯೆಂದು ಅವನಿಗೆ ಅಲ್ಲಿಯವರೆಗೆ ಅನ್ನಿಸಿಯೂ ಇರಲಿಲ್ಲ. ಅನ್ನಿಸಿದ್ದು ನೆಲೋಗಿಯಲ್ಲಿ, ಹುಸೇನಪೀರನ ಗಾದಿ ಅಂಗಡಿಯ ಮುಂದೆ, ಮಟಮಟ ಮಧ್ಯಾಹ್ನ.

ಅವನು ಕಲಬುರಗಿಯಲ್ಲಿ ಸಮಾಜಶಾಸ್ತ್ರದ ಸಂಶೋಧಕ. ಜನ ತಾವಾಗಿಯೇ ಕಟ್ಟಿಕೊಂಡ ಸಂಘಟನೆಗಳು ಅವನ ವಿಷಯ. ಆಳಂದ, ಅಫಜಲಪುರವೆಲ್ಲ ಅಲೆದು ನಾಟಕ ಸಂಘ, ಭಜನಾ ಮಂಡಳಿ, ಉರ್ದು ಕವಿಗೋಷ್ಠಿ ನಡೆಸುವ ಮುಶಾಯಿರಾ ಕಮಿಟಿ, ಯುವಕ ಸಂಘ ಎಲ್ಲವನ್ನೂ ನೋಡಿ ಬಂದಿದ್ದ. ಎಲ್ಲಕ್ಕೂ ಬೋರ್ಡಿತ್ತು, ಅಧ್ಯಕ್ಷರಿದ್ದರು, ಬಾಗಿಲಿಗೆ ಬೀಗವೂ ಇತ್ತು. ಅವನು ಬರೆದದ್ದನ್ನು ಓದಿದ ಮಾರ್ಗದರ್ಶಕಿ ವಿಜಯಶ್ರೀ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು.

"ನೀವು ಬೋರ್ಡಿನ ಬಗ್ಗೆ ಬರದೀರಿ ಗುರುನಾಥ, ಜನರ ಬಗ್ಗೆ ಅಲ್ಲ. ಬೋರ್ಡಿಲ್ಲದ, ಅಧ್ಯಕ್ಷ ಇಲ್ಲದ, ಮಂದಿ ಮನಸಾರೆ ಬಂದು ಕೂಡೋ ಒಂದೇ ಒಂದು ಸಂಘ ತೋರಸ್ರಿ. ಇಲ್ಲಂದ್ರ ವಿಷಯಾನೇ ಬದಲಿ ಮಾಡೋಣ. ನಾಳೆ ಸಂಜೀಕ ಫೋನ್ ಮಾಡ್ತೇನಿ."

ಅಂಥದೊಂದು ನೆಲೋಗಿಯಲ್ಲಿದೆ ಎಂದು ಯಾರೋ ಹೇಳಿದ್ದರು. ಮರುದಿನವೇ ಹೋಗಿ ನೋಡಿದರೆ ನಿಜ! ಅಂಗಡಿಯ ಮುಂದಿನ ಬೇವಿನ ನೆರಳಿನಲ್ಲಿ, ಹಿಂಜಿದ ಹತ್ತಿಯ ರಾಶಿಗೆ ಒರಗಿ ನಾಲ್ಕು ಮಂದಿ ಕೂತಿದ್ದರು. ಗಾದಿ ಹೊಲಿಯುವ ಹುಸೇನಪೀರ, ಅವನ ಅಕ್ಕ ವಜೀರುನ್ನಿಸಾ, ಖಾನಾವಳಿಯ ಸುಮಿತ್ರಾಬಾಯಿ, ನಿವೃತ್ತ ಬಸ್ ಡ್ರೈವರ್ ಮಲ್ಕಪ್ಪ. ಊಟವಾದ ಮೇಲೆ ಬರುವುದು, ಕಂಡ ಕನಸು ಹೇಳುವುದು, ಉಳಿದವರ ಕನಸು ಕೇಳುವುದು, ಎದ್ದು ಹೋಗುವುದು. ವರ್ಷಗಟ್ಟಲೆ ಅವರು ಮಾಡುತ್ತ ಬಂದದ್ದು ಇಷ್ಟೇ.

ಗುರುನಾಥನ ಕಣ್ಣಲ್ಲಿ ನೀರು ಬಂತು. "ನಾನೂ ಕೂಡಲೇನ್ರಿ?" ಎಂದ.

"ಕನಸು ತಂದೀರೇನು?" ಎಂದಳು ಸುಮಿತ್ರಾಬಾಯಿ. "ತಂದವರಿಗಷ್ಟೇ ಇಲ್ಲಿ ಜಾಗಾ."

ಗುರುನಾಥ ಅಲ್ಲೇ ಒಂದು ಕನಸು ಹೆಣೆದ. ತಾನು ಬೆಟ್ಟ ಹತ್ತಿದ್ದು, ಮೇಲೆ ಒಬ್ಬ ಋಷಿ ಸಿಕ್ಕಿದ್ದು, ಅವನು ಮೂರು ಮಾತು ಉಪದೇಶಿಸಿದ್ದು. ಮೂವರು ಸುಮ್ಮನೆ ಕೇಳಿದರು. ವಜೀರುನ್ನಿಸಾ ಮಾತ್ರ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ಬೇಟಾ, ಇದು ಭಾಷಣ ಆತು. ಕನಸಿನ್ಯಾಗ ಯಾರರೆ ಇಷ್ಟು ನೀಟಾಗಿ ಮಾತಾಡ್ತಾರೇನು? ಹೋಗು, ಮಲಕೊಂಡು ಖರೇ ಕನಸು ತೊಗೊಂಡು ಬಾ."

ಅಲ್ಲಿಂದ ಗುರುನಾಥನ ನಿದ್ದೆ ಊರಿನ ಕೆಲಸವಾಯಿತು. ಹೊಟ್ಟೆ ತುಂಬಿದರೆ ಕನಸು ತಾನಾಗಿ ಬರುತ್ತದೆಂದು ಸುಮಿತ್ರಾಬಾಯಿ ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು ಬಡಿಸಿದಳು. ಸಾಕೆಂದು ಅಡ್ಡ ಹಿಡಿದ ಕೈಯ ಮೇಲೆಯೇ ಇನ್ನೊಂದು ರೊಟ್ಟಿ ಬಿತ್ತು. ಹುಸೇನಪೀರ ಅಂಗಡಿಯ ಒಳಗೆ ಹೊಸ ಗಾದಿ ಹಾಸಿ, "ಮದುವಿ ಗಾದಿ ಅದ ಸರ್, ಇದರ ಮ್ಯಾಲೆ ಇನ್ನೂ ಯಾರೂ ಮಲಗಿಲ್ಲ" ಎಂದು ಮಲಗಿಸಿದ. ಹತ್ತಿಯ ಎಳೆ ಮೂಗಿಗೆ ಹೋಗಿ ಗುರುನಾಥ ಹಳೇ ಮೋಟಾರಿನ ಹಾಗೆ ಒಂದೇ ಸಮನೆ ಸೀನಿದ. ಸೀನು ನಿಂತಿತು ಎನ್ನುವಾಗ ವಜೀರುನ್ನಿಸಾ ಬೀಸಣಿಗೆ ಹಿಡಿದು ತಲೆಯ ಹತ್ತಿರ ಕೂತಳು.

"ಮಲಕೋ ಬೇಟಾ, ಮಲಕೋ. ಲಗ್ನ ಆಗೇದೇನು?"

"ಇಲ್ರಿ."

"ಯಾಕ? ಕಣ್ಣು ಮುಚ್ಚೇ ಹೇಳು."

ಹೇಳುವಷ್ಟರಲ್ಲಿ ಬರುತ್ತಿದ್ದ ನಿದ್ದೆಯೂ ಓಡಿಹೋಯಿತು.

ಕೊನೆಗೆ ಮಲ್ಕಪ್ಪ ಎದ್ದು ನಿಂತ. "ಬಿಡ್ರಿ ಅವನ್ನ. ನಾ ಹೊಡೀತಿದ್ದ ಬಸ್ಸಿನ್ಯಾಗ ಕಂಡಕ್ಟರ್ ಸುದ್ದಾ ಮಲಗತಿದ್ದ. ಬಾ ತಮ್ಮಾ, ಜೇವರ್ಗಿಗೆ ಹೋಗಿ ಬರೂಣು."

ಜೇವರ್ಗಿ ಬಸ್ಸಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತರು. ಜೇವರ್ಗಿ ಮುಟ್ಟುವವರೆಗೆ ಗುರುನಾಥ ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ತಿರುಗಿ ಬರುವಾಗ ಕಿಟಕಿಯಿಂದ ಬೆಚ್ಚನೆಯ ಗಾಳಿ ಬಂತು, ತೊಗರಿ ಹೊಲಗಳು ಹಿಂದೆ ಹಿಂದೆ ಸರಿದವು, ರೊಟ್ಟಿ ತನ್ನ ಕೆಲಸ ಮಾಡಿತು. ಅವನ ತಲೆ ಮಲ್ಕಪ್ಪನ ಹೆಗಲಿಗೆ ವಾಲಿತು.

ಆಗ ಬಿತ್ತು ಕನಸು.

ಭೀಮಾ ನದಿ ಸದ್ದಿಲ್ಲದೆ ಅಫಜಲಪುರದ ಬಜಾರಿನೊಳಗೆ ಹರಿದು ಬಂದಿತ್ತು. ನೀರು ಮೊಣಕಾಲಷ್ಟು, ತಿಳಿಯಾಗಿ. ಅವನು ನೋಡಿ ಬಂದಿದ್ದ ಸಂಘಗಳ ಬೀಗಗಳೆಲ್ಲ ಬೆಲ್ಲದಂತೆ ಕರಗಿ ತೊಟ್ಟಿಕ್ಕುತ್ತಿದ್ದವು. ಬೋರ್ಡುಗಳು ಗೋಡೆಯಿಂದ ಕಳಚಿ ನೀರಿಗೆ ಬಿದ್ದು ದೋಣಿಗಳಾಗಿದ್ದವು. ಒಂದೊಂದರ ಮೇಲೆ ಒಬ್ಬೊಬ್ಬ ಮುದುಕಿ ಕೂತು ಹಾಡುತ್ತ ತೇಲಿ ಹೋಗುತ್ತಿದ್ದಳು. ತೀರಿಹೋದ ಅವನ ಅವ್ವ ನೀರಿನ ಮೇಲೆ ಚಾಪೆ ಹಾಸಿ, "ಕೂಡೋ, ನಿನ್ನ ಹೆಸರು ಯಾರೂ ಕೇಳೂದಿಲ್ಲ" ಎಂದಳು. ಅವನು ಕೂತ. ಚಾಪೆ ಮುಳುಗಲಿಲ್ಲ. ಇಷ್ಟು ಹಗುರವಾಗಿ ಅವನು ಎಲ್ಲಿಯೂ ಕೂತಿರಲಿಲ್ಲ.

"ಏಳ್ ತಮ್ಮಾ, ನೆಲೋಗಿ ಬಂತು!"

ಗುರುನಾಥ ಬಸ್ಸಿನಿಂದ ಇಳಿದ. ತುಂಬಿದ ಕೊಡ ಹೊತ್ತವನಂತೆ ತಲೆ ಅಲುಗಿಸದೆ ನಡೆದ. ಆದರೆ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತು. ಚಹಾದ ಅಂಗಡಿಯವನು ಅಡ್ಡ ಬಂದು, "ಬಿತ್ತೇನ್ರಿ ಸರ್?" ಎಂದ. "ಬಿತ್ರಿ" ಎಂದ ಗುರುನಾಥ. ಹಾಡುವ ಮುದುಕಿಯರು ಹೋದರು. ಗಿರಣಿಯ ಹತ್ತಿರ ಒಬ್ಬಾಕೆ, "ಕನಸಿನ್ಯಾಗ ಮಳಿ ಬಂದಿತ್ತೇನ್ರಿ?" ಎಂದಳು. "ಇಲ್ರಿ, ಹೊಳಿ ಇತ್ತು" ಎಂದ. ಹೊಳೆಯೂ ಹೋಯಿತು. ಮತ್ತೊಬ್ಬ ಅವನ ಊರು, ತಂದೆಯ ಹೆಸರು, ತಂದೆಯ ನೌಕರಿ ಕೇಳಿದ. ಒಂದೊಂದು ಉತ್ತರಕ್ಕೂ ಕೊಡದಿಂದ ಒಂದಿಷ್ಟು ನೀರು ಚೆಲ್ಲಿತು.

ಹತ್ತಿಯ ರಾಶಿಯ ಮುಂದೆ ನಿಂತು ಬಾಯಿ ತೆರೆದಾಗ ಒಳಗೆ ಏನೂ ಇರಲಿಲ್ಲ. ಏನೋ ಬಹಳ ಒಳ್ಳೆಯದು ಇತ್ತೆಂಬ ನೆನಪು ಮಾತ್ರ ಎದೆಯಲ್ಲಿ ಒದ್ದೆಯಾಗಿ ಉಳಿದಿತ್ತು.

"ಮರತೇನ್ರಿ" ಎಂದ. ಧ್ವನಿ ಅಳುವಿನ ಹತ್ತಿರವಿತ್ತು.

"ಚಿಂತಿ ಮಾಡಬ್ಯಾಡ" ಎಂದ ಮಲ್ಕಪ್ಪ. "ಇಂವ ನಿದ್ದ್ಯಾಗ ಬಡಬಡಿಸ್ಯಾನ. ನಾ ಬಾಜೂಕೇ ಇದ್ದೆ. ಪೂರಾ ಕೇಳೇನಿ."

ಎಲ್ಲರೂ ಮುಂದೆ ಸರಿದು ಕೂತರು. ಗುರುನಾಥನಿಗೆ ಹೋದ ಜೀವ ಬಂತು.

"ಈ ಬೇವಿನ ಗಿಡಕ್ಕ ಒಂದು ದೊಡ್ಡ ಬೋರ್ಡ್ ಹಚ್ಚಿದ್ದರಂತ. 'ನೆಲೋಗಿ ಕನಸುಗಾರರ ಸಂಘ'. ಕೆಳಗ ಒಂದು ಖುರ್ಚಿ. ಖುರ್ಚಿ ಮ್ಯಾಲೆ..." ಮಲ್ಕಪ್ಪ ನಾಚಿಕೊಂಡ. "ಹೇಳಬಾರದು ಖರೇ, ನಾನೇ ಕುಂತಿದ್ದೆ. ಕೊಳ್ಳಾಗ ಹಾರ. ಅಧ್ಯಕ್ಷ."

"ಇಲ್ಲ!" ಎಂದು ಗುರುನಾಥ ಕೂಗಿದ. "ಹಂಗ ಇರಲೇ ಇಲ್ಲ!"

"ಹಂಗಾರ ಹ್ಯಾಂಗ ಇತ್ತು, ನೀನೇ ಹೇಳು."

ಗುರುನಾಥ ಕಣ್ಣು ಮುಚ್ಚಿ ತಡಕಾಡಿದ. ತಳದಲ್ಲಿ ಒಂದೇ ಒಂದು ತುಣುಕು ಕೈಗೆ ಸಿಕ್ಕಿತು. "ಬೋರ್ಡ್... ಬೋರ್ಡ್ ಇತ್ತು ಖರೇ..."

"ಕೇಳಿದ್ರಿಲ್ಲ?" ಮಲ್ಕಪ್ಪ ತೊಡೆ ತಟ್ಟಿಕೊಂಡ. "ಅವನ ಬಾಯಿಲೇ ಬಂತು!"

ಇಷ್ಟು ವರ್ಷ ಅಲ್ಲಿ ಹೇಳಿದ ಕನಸನ್ನು ಯಾರೂ ನಿಜ ಮಾಡಲು ಹೋಗಿರಲಿಲ್ಲ. ಆದರೆ ಇದು ಕಲಬುರಗಿಯ ಕನಸು, ಓದಿದವನ ಕನಸು.

"ನಾ ಎಲ್ಲಿದ್ದೆ ಅದರಾಗ?" ಎಂದು ಹುಸೇನಪೀರ ಮೆಲ್ಲಗೆ ಕೇಳಿದ. ಅವನು ಉಪಾಧ್ಯಕ್ಷನಾಗಿದ್ದನಂತೆ. ಸುಮಿತ್ರಾಬಾಯಿ ಖಜಾಂಚಿ. ವಜೀರುನ್ನಿಸಾ?

"ಆಪಾ, ನೀವು... ನನಗ ಹಾರ ಹಾಕಾಕತ್ತಿದ್ರಿ."

ವಜೀರುನ್ನಿಸಾ ಎಲೆ ಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಜಾಗಾ ನನ್ನ ತಮ್ಮಂದು, ಹತ್ತಿ ನನ್ನ ತಮ್ಮಂದು, ಹಾರ ಇವಂಗಾ? ನಾಳಿಂದ ಮಸೂತಿ ಬಾಜೂಕ ನಮ್ಮದು ಬ್ಯಾರೇ ಸಂಘ. ಅದಕ್ಕ ನಾನೇ ಅಧ್ಯಕ್ಷಿ!"

"ಹಂಗಾರ ನಾ ಯಾಕ ಬರೇ ಉಪ?" ಎಂದು ಹುಸೇನಪೀರನೂ ಎದ್ದ. ಸುಮಿತ್ರಾಬಾಯಿ ಪೇಂಟರನನ್ನು ಕರೆಯಲು ಹೋದಳು, ತನ್ನ ಹೆಸರು ಮೇಲಿನ ಸಾಲಿನಲ್ಲೇ ಬರಬೇಕೆಂದು.

ಗುರುನಾಥ ಹತ್ತಿಯ ರಾಶಿಯ ಮೇಲೆ ಕುಸಿದು ಕೂತ. ಮಲ್ಕಪ್ಪ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಬ್ಯಾಸರಾ ಮಾಡ್ಕೋಬ್ಯಾಡ ತಮ್ಮಾ. ಕನಸಿನ್ಯಾಗ ನಿನಗೂ ಜಾಗಾ ಇತ್ತು. ಕಾರ್ಯದರ್ಶಿ. ಇನ್ನು ಮ್ಯಾಲೆ ಇಲ್ಲಿ ಕನಸು ಹೇಳವರು ನಿನಗೇ ಅರ್ಜಿ ಕೊಡಬೇಕು."

ಸಂಜೆ ಪೇಂಟರ್ ಬರುವ ಹೊತ್ತಿಗೆ ಫೋನ್ ಬಂತು. ವಿಜಯಶ್ರೀ ಮೇಡಂ.

"ಏನ್ರಿ ಗುರುನಾಥ, ಬೋರ್ಡಿಲ್ಲದ ಸಂಘ ಸಿಕ್ತೇನು?"

ಬೇವಿನ ಗಿಡಕ್ಕೆ ಏಣಿ ಹಚ್ಚುತ್ತಿದ್ದ ಪೇಂಟರನನ್ನೇ ನೋಡುತ್ತ ಗುರುನಾಥ ಹೇಳಿದ:

"ಮಧ್ಯಾಹ್ನದ ತನಕ ಇತ್ರಿ, ಮೇಡಂ."