ತಪಾಸಣೆಗೆಂದು ಕಟ್ಟಿಸಿದ ಕಕ್ಕಸು

ನಾನು ಓದು ನಿಲ್ಲಿಸಿದ್ದು ೧೯೭೮ರಲ್ಲಿ, ಏಳನೇ ಕ್ಲಾಸಿಗೆ. ಆಮೇಲೆ ಕಲಿತದ್ದೆಲ್ಲ ಮೈ ಬಗ್ಗಿಸಿ. ಮೂಟೆ ಹೊತ್ತೆ, ಟೆಂಪೋ ಓಡಿಸಿದೆ, ೨೦೦೩ರ ಹೊತ್ತಿಗೆ ಚನ್ನರಾಯಪಟ್ಟಣದ ರಸ್ತೆಯಲ್ಲಿ ಸ್ವಂತ ಶೆಡ್ಡು ಹಾಕಿ ಮಿಡಿ ಸೌತೆಕಾಯಿ ಕೊಳ್ಳುತ್ತಿದ್ದೆ. ರೈತರು ಕಾಯಿ ತಂದು ಸುರಿಯುವರು, ಹದಿನಾಲ್ಕು ಹೆಂಗಸರು ಗಾತ್ರ ನೋಡಿ ಆರಿಸುವರು, ಕಂಪನಿಯ ಲಾರಿ ಒಯ್ಯುವುದು. ಕಾರ್ಖಾನೆಯಲ್ಲಿ ಅದು ಉಪ್ಪುನೀರಿಗೆ ಬಿದ್ದು ಹಡಗು ಹತ್ತುವುದು. ನನ್ನ ಕಾಯಿ ಪರದೇಶದವರ ತಟ್ಟೆಯಲ್ಲಿ! ಎದೆ ಉಬ್ಬದೆ ಇರುತ್ತದೆಯೇ?

ಒಂದು ದಿನ ಕಂಪನಿಯ ಫೀಲ್ಡ್ ಆಫೀಸರ್ ಮಂಜಪ್ಪನವರು ಬಂದು ತಲೆಯ ಮೇಲೆ ಸಿಡಿಲು ಹಾಕಿದರು. ಪರದೇಶದವರು ಇನ್ನು ಬರೀ ಕಾಯಿ ನೋಡುವುದಿಲ್ಲವಂತೆ. ತೊಳೆದ ನೀರು ಎಲ್ಲಿಗೆ ಹೋಗುತ್ತದೆ, ಔಷಧಿಯ ಖಾಲಿ ಡಬ್ಬ ಎಲ್ಲಿ ಬೀಳುತ್ತದೆ, ಆರಿಸುವವರ ಕೈಗೆ ಗ್ಲೌಸು ಇದೆಯೇ, ಅವರಿಗೆ ಕಕ್ಕಸು ಇದೆಯೇ, ಎಲ್ಲ ನೋಡುತ್ತಾರಂತೆ. ಫೇಲಾದರೆ ನಮ್ಮ ಸೆಂಟರಿನ ಕಾಯಿ ಬಂದ್. ನನಗೆ ದಿಕ್ಕೇ ತೋಚಲಿಲ್ಲ. ಸೌತೆಕಾಯಿಗೂ ಕಕ್ಕಸಿಗೂ ಎಲ್ಲಿಯ ನೆಂಟಸ್ತಿಕೆ?

ಆದರೂ ಹಿಂಜರಿಯುವ ಆಸಾಮಿ ನಾನಲ್ಲ. ಇಪ್ಪತ್ತು ದಿನದಲ್ಲಿ ನೀಲಿ ಟೈಲ್ಸಿನ ಕಕ್ಕಸು ಎದ್ದು ನಿಂತಿತು. ಹೊಸಲಿಗೆ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಬೀಗ ಹಾಕಿದೆ. ಗ್ಲೌಸುಗಳನ್ನು ಪ್ಲಾಸ್ಟಿಕ್ ಬಿಚ್ಚದೆ ಗಾಜಿನ ಬೀರುವಿನಲ್ಲಿಟ್ಟೆ. ನಮ್ಮ ಕಡೆ ಒಳ್ಳೆಯ ಲೋಟಗಳನ್ನು ನೆಂಟರು ಬಂದಾಗಲೇ ತಾನೇ ತೆಗೆಯುವುದು?

ನನ್ನ ಹೆಂಡತಿ ಜಯಮ್ಮನಿಗೆ ಇದು ಹಿಡಿಸಲಿಲ್ಲ. "ಕೆಲ್ಸದೋರ್ಗೆ ಅಂತ ಕಟ್ಸಿ ಬೀಗ ಯಾಕ್ರೀ ಆಕಿದ್ದೀರಿ?"

"ನೋಡೋರು ಬರೋಗಂಟ ಒಸದಾಗೇ ಇರ್ಲಿ ಕಣೇ. ನಿಂಗೆ ಇದೆಲ್ಲ ಅರ್ಥ ಆಗಾಕಿಲ್ಲ" ಎಂದೆ.

ಇದಲ್ಲದೆ ನನ್ನದೊಂದು ರಾಜತಂತ್ರವೂ ಇತ್ತು. ಬರುವವರು ಬಿಳಿಯರು, ಕನ್ನಡ ಬಾರದು. ಹೆಂಗಸರು ಏನೇ ಅಂದರೂ ಮಂಜಪ್ಪನವರು ಅದನ್ನು ಚಂದದ ಇಂಗ್ಲಿಷಿಗೆ ತಿರುಗಿಸಿಬಿಡಬೇಕು. ಅವರು ಅರೆಮನಸ್ಸಿನಿಂದ ತಲೆಯಾಡಿಸಿದ್ದರು.

ಆ ದಿನ ಬಂತು. ಮಲ್ಲಿಗೆ ಹಾರ, ಎಳನೀರು, ಕಕ್ಕಸಿನ ಬಾಗಿಲಿಗೆ ಕೆಂಪು ಟೇಪು, ತಟ್ಟೆಯಲ್ಲಿ ಕತ್ತರಿ. ಜೀಪಿನಿಂದ ಇಳಿದದ್ದು ಬಿಳಿಯರಲ್ಲ, ಅವರು ತಪಾಸಣೆಗೆ ಕಳಿಸಿದ ಹತ್ತಿ ಸೀರೆಯ ಒಬ್ಬ ಮೇಡಂ. ನಾನು "ವೆಲ್‌ಕಮ್" ಎಂದು ಬಗ್ಗಿದೆ.

"ಕನ್ನಡದಲ್ಲೇ ಮಾತಾಡಿ, ಪರವಾಗಿಲ್ಲ. ನಮ್ದೂ ಇದೇ ಜಿಲ್ಲೆ, ಅರಕಲಗೂಡು" ಎಂದರು.

ನನ್ನ ಕೈಯಲ್ಲಿದ್ದ ಹಾರ ಕೆಳಗೆ ಬಿತ್ತು. ಮಂಜಪ್ಪನವರು ಜೀಪಿನ ಟೈರು ಪರೀಕ್ಷಿಸತೊಡಗಿದರು!

ಮೇಡಂ ಹಾರವನ್ನೂ ನೋಡಲಿಲ್ಲ, ಕತ್ತರಿಯನ್ನೂ ಮುಟ್ಟಲಿಲ್ಲ. ನೇರವಾಗಿ ಕಾಯಿ ರಾಶಿಯ ಹತ್ತಿರ ಹೋಗಿ, ಎಲ್ಲರಿಗಿಂತ ಹಿರಿಯಳಾದ ಕೆಂಪಮ್ಮನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತರು. ಕಾಯಿಯ ಮುಳ್ಳಿಗೆ ಗೀರಿದ ಅವಳ ಬೆರಳುಗಳನ್ನು ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಕಕ್ಕಸಿಗೆ ಎಲ್ಲಿಗೆ ಹೋಗ್ತೀರವ್ವ?"

ನಾನು ಹಿಂದಿನಿಂದ ಕಣ್ಣು ಮಿಟುಕಿಸಿದೆ. ಕೆಂಪಮ್ಮ ನನ್ನನ್ನೇ ನೋಡುತ್ತಾ ಹೇಳಿದಳು.

"ಜ್ವಾಳದ್ ವಲಕ್ಕೆ ಕಣವ್ವ. ಆ ನೀಲಿದು ನಿಮ್ಗೆ ಅಂತ ಕಟ್ಸಿರಾದು. ನಾವು ಮುಟ್ಟಂಗಿಲ್ಲ."

ಹದಿನಾಲ್ಕು ಹೆಂಗಸರೂ ಹೌದೆಂದು ತಲೆಯಾಡಿಸಿದರು. ಇಷ್ಟು ಒಗ್ಗಟ್ಟನ್ನು ನಾನು ಪಂಚಾಯ್ತಿ ಎಲೆಕ್ಷನ್ನಿನಲ್ಲೂ ಕಂಡಿರಲಿಲ್ಲ.

ಮೇಡಂ ಎದ್ದು ಕೈ ಚಾಚಿದರು. ಉಡಿದಾರಕ್ಕೆ ಕಟ್ಟಿದ್ದ ಕೀಲಿಯನ್ನು ಅಷ್ಟು ಜನರೆದುರು ಬಿಚ್ಚುವುದು ಎಂಥ ಅವಸ್ಥೆ ಎಂದು ಬಿಚ್ಚಿದವನಿಗೇ ಗೊತ್ತು. ಅವರು ಅದನ್ನು ಕೆಂಪಮ್ಮನ ಸೆರಗಿಗೆ ಹಾಕಿ, "ಹದಿನೈದು ದಿನ ಇಲ್ಲಿಯ ಕಾಯಿ ಬೇಡ" ಎಂದು ಬರೆದು ಹೋದರು.

ಮಿಡಿ ಸೌತೆ ನಮಗಾಗಿ ಕಾಯುತ್ತದೆಯೇ? ಎರಡೇ ದಿನಕ್ಕೆ ಬಳ್ಳಿಯಲ್ಲೇ ಊದಿ, ಯಾವ ಕಂಪನಿಗೂ ಬೇಡದಷ್ಟು ದಪ್ಪಗಾಯಿತು. ರೈತರು ಬಾಯಿಗೆ ಬಂದಂತೆ ಬೈದು, ಅರ್ಧ ಜನ ಹೊಳೆನರಸೀಪುರದ ಸೆಂಟರಿಗೆ ಹೋದರು. ಮಿಕ್ಕವರ ಕಾಯಿ ನಮ್ಮ ಮನೆಗೆ ಬಂತು. ಹುಳಿ, ಪಲ್ಯ, ಮಜ್ಜಿಗೆಹುಳಿ, ಮತ್ತೆ ಹುಳಿ. ಜಯಮ್ಮ ಕೇಳದಿದ್ದರೂ ಇನ್ನೊಂದು ಸೌಟು ಬಡಿಸಿದಳು.

ಎರಡನೆಯ ಸಲ ಮೇಡಂ ಬಂದಾಗ ಗ್ಲೌಸು ಹಾಕಿದ ಕೈಯಲ್ಲಿ ಎಲ್ಲವನ್ನೂ ಕೆಂಪಮ್ಮನೇ ತೋರಿಸಿದಳು. ಪಾಸಾದೆವು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಈಗ ನನಗಿರುವುದು: ಒಂದು ಶೆಡ್ಡು, ಎರಡು ತಕ್ಕಡಿ, ಮೊದಲಿನ ಅರ್ಧದಷ್ಟು ರೈತರು, ಹದಿನಾಲ್ಕು ಹೆಂಗಸರು, ಒಂದು ಕಕ್ಕಸು. ಅದು ಅವರದು. ನನಗೆಂದು ಇನ್ನೂ ಕಟ್ಟಿಸಿಕೊಂಡಿಲ್ಲ.