ಇಪ್ಪತ್ತೈದನೆಯ ಲಂಗೋಟಿ

ಇದನ್ನು ನಾನು ನಿಂತುಕೊಂಡು ಬರೆಯುತ್ತಿದ್ದೇನೆ. ಮನೆಯಲ್ಲಿ ಕುರ್ಚಿ ಇಲ್ಲವೆಂದಲ್ಲ, ನಾಲ್ಕಿವೆ, ಒಂದಕ್ಕೆ ದಿಂಬು ಕೂಡ ಇದೆ. ಆದರೂ ನಿಂತೇ ಬರೆಯುತ್ತಿದ್ದೇನೆ. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ತಿಳಿದಿರಲಿ: ನಾನು ಸೋತಿಲ್ಲ. ಸೋತೆ ಎಂದು ನನ್ನ ಹೆಂಡತಿ ಬೀದಿ ತುಂಬ ಹೇಳಿಕೊಂಡು ಬಂದಿದ್ದರೆ ಅದು ಅವಳ ಅಭಿಪ್ರಾಯ.

ನನ್ನದು ಲಾಂಡ್ರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಇಪ್ಪತ್ತೆರಡು ವರ್ಷಗಳಿಂದ ಊರಿನ ಕೊಳೆಯನ್ನು ಈ ಎರಡು ಕೈಯಿಂದ ತೊಳೆದಿದ್ದೇನೆ. (ಈಗ ಯಂತ್ರವೇ ತೊಳೆಯುತ್ತದೆ. ಆದರೂ ಗುಂಡಿ ಒತ್ತುವುದು ಈ ಕೈಯೇ.) ನನ್ನ ಅಂಗಡಿಗೆ ಹೆಸರು ಬಂದಿರುವುದು ಎರಡು ವಿಷಯಕ್ಕೆ. ಒಂದು, ಗುರುತಿನ ಶಾಯಿ. ಯಾವ ಬಟ್ಟೆಗೆ ನಂಬರು ಹಾಕಿದರೂ, ಬಟ್ಟೆ ಹರಿದುಹೋದರೂ ನಂಬರು ಹೋಗುವುದಿಲ್ಲ. ಎರಡು, ಕೊನೇ ನೀರು. ಒಗೆದು ಜಾಲಿಸಿದ ಮೇಲೆ ಬಟ್ಟೆಯನ್ನು ಅದ್ದುವ ಕಟ್ಟಕಡೆಯ ನೀರಿಗೆ ನಾನು ಏನೇನು ಬೆರೆಸುತ್ತೇನೆಂಬುದು ಪರಮ ಗುಟ್ಟು. ನುಣುಪಿಗೊಂದು, ಘಮಕ್ಕೊಂದು, ಹೊಳಪಿಗೊಂದು. ಅದರಲ್ಲಿ ಮಿಂದೆದ್ದ ಅಂಗಿ ತೊಟ್ಟವನು ಬೀದಿ ತಿರುವಿನಲ್ಲಿರುವಾಗಲೇ ಅವನು ನನ್ನ ಗಿರಾಕಿ ಎಂದು ಮೂಗಿಗೆ ಗೊತ್ತಾಗುತ್ತದೆ.

ಮದುವೆಯಾಗಿ ಒಂಬತ್ತು ವರ್ಷಕ್ಕೆ ನಮಗೆ ಮಗಳು ಹುಟ್ಟಿದಳು. ಚೋಟುದ್ದ ಇದ್ದಳು, ಹಾಗಾಗಿ ಚೋಟು ಎಂದೇ ಕರೆದೆವು. ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ಡೈಪರ್ ಬೇಡ, ಬಟ್ಟೆಯ ಲಂಗೋಟಿಯೇ ಸಾಕೆಂದು ಹೆಂಡತಿ ಹೇಳಿದಳು. ನನ್ನ ಅತ್ತೆ ಹಳೆಯ ಮೆತ್ತನೆ ಹೊದಿಕೆಗಳನ್ನು ಕತ್ತರಿಸಿ, ಅಂಚು ಹೊಲಿದು, ಇಪ್ಪತ್ತನಾಲ್ಕು ಲಂಗೋಟಿ ಮಾಡಿಕೊಟ್ಟರು. ಅತ್ತೆ ಶಾಲೆಯೊಂದರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸಹಾಯಕಿಯಾಗಿದ್ದವರು. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಾರೆ.

"ಇವನ್ನು ನಾನೇ ಒಗೀತೀನಿ," ಎಂದರು ಅತ್ತೆ.

"ಅಳಿಯ ಲಾಂಡ್ರಿಯವನಾಗಿದ್ದು ಅತ್ತೆ ಲಂಗೋಟಿ ಒಗೆದ್ರೆ ಊರು ನಗಲ್ವಾ?" ಎಂದೆ ನಾನು.

ಅಂದಿನಿಂದ ಒಗೆತದ ಖಾತೆ ನನ್ನದಾಯಿತು. ಇಪ್ಪತ್ತನಾಲ್ಕಕ್ಕೂ ಚೋ-1, ಚೋ-2 ಎಂದು ಶಾಯಿಯಲ್ಲಿ ನಂಬರು ಹಾಕಿದೆ. ಎರಡೆರಡು ಸಲ ಕೊನೇ ನೀರಿನಲ್ಲಿ ಅದ್ದಿದೆ. (ಗಿರಾಕಿಗಳಿಗೆ ಒಂದೇ ಸಲ. ಸ್ವಂತ ಮಗಳಿಗೆ ಕಂಜೂಸುತನ ಮಾಡಲಾದೀತೆ?) ಇಸ್ತ್ರಿ ಹೊಡೆದು, ಮಡಿಕೆ ಕೂರಿಸಿ ಪೇರಿಸಿಟ್ಟೆ. ಈ ಭೂಮಂಡಲದಲ್ಲಿ ಇಸ್ತ್ರಿ ಮಾಡಿದ ಲಂಗೋಟಿಯಲ್ಲಿ ಉಚ್ಚೆ ಹೊಯ್ದ ಭಾಗ್ಯ ಬೇರೆ ಎಷ್ಟು ಮಕ್ಕಳಿಗಿದೆ ಹೇಳಿ.

ಚೋಟುವಿಗೆ ನಾಲ್ಕನೇ ತಿಂಗಳು ನಡೆಯುತ್ತಿದ್ದಾಗ ಒಂದು ದಿನ ಹೆಂಡತಿ ಮಹಡಿಯಿಂದ ಕೂಗಿದಳು. "ರೀ, ಬನ್ನಿ ಇಲ್ಲಿ. ಮಗು ಅಂಡೆಲ್ಲ ಕೆಂಪಗಾಗಿದೆ."

ಹೋಗಿ ನೋಡಿದೆ. ಸಣ್ಣ ಸಣ್ಣ ಗುಳ್ಳೆ, ಸುತ್ತ ಕೆಂಪು. ಒರೆಸಲು ಹೋದರೆ ಚೋಟು ಕಿಟಾರನೆ ಕಿರುಚಿ ಕಾಲು ಝಾಡಿಸಿದಳು. ಒಂಬತ್ತು ವರ್ಷ ಕಾದು ಪಡೆದ ಮಗು. ಅವಳ ಅಳು ನನ್ನಿಂದ ಕೇಳಲಾಗುವುದಿಲ್ಲ. ಸಂಕಟವಾದಾಗ ನಾನು ಮಾಡುವುದು ಒಂದೇ ಕೆಲಸ, ತಪ್ಪು ಯಾರದೆಂದು ಹುಡುಕುವುದು.

"ಅತ್ತೆ, ನೀವು ಹಾಕೋ ಪೌಡರಿಂದಲೇ ಇದು."

"ಪೌಡರ್ ಡಬ್ಬ ಮುಚ್ಚಿಟ್ಟು ಹದಿನೈದು ದಿನ ಆಯ್ತು ಅಳಿಯಂದ್ರೇ. ಬರೆದಿಟ್ಟಿದ್ದೀನಿ, ತೋರಿಸ್ಲಾ?"

"ಹಾಗಾದ್ರೆ ಸೆಕೆಗೆ."

"ಈಗ ಚಳಿ ಕಣ್ರೀ," ಎಂದಳು ಹೆಂಡತಿ. "ನಿಮ್ಮ ಆ ಸೆಂಟು ನೀರಿಗೇ ಹೀಗಾಗಿರಬೇಕು."

ಸೆಂಟು ನೀರು ಎಂದ ಕೂಡಲೇ ನನಗೆ ನಖಶಿಖಾಂತ ಉರಿಯಿತು. ಇಪ್ಪತ್ತೆರಡು ವರ್ಷ ಊರಿನ ವಕೀಲರು, ವರರು, ಬ್ಯಾಂಕ್ ಮ್ಯಾನೇಜರು ಮೈಗೆ ಸುತ್ತಿಕೊಂಡ ನೀರು. ಅದಕ್ಕೆ ಮನೆಯಲ್ಲೇ ಅವಮಾನ. "ಡಾಕ್ಟರ ಹತ್ರ ಹೋಗೋಣ, ಅವರೇ ಹೇಳಲಿ," ಎಂದು ಗುಡುಗಿದೆ. ಗೆಲ್ಲುವುದು ನಾನೇ ಎಂದು ತೋರಿಸಲು ಇಸ್ತ್ರಿ ಮಾಡಿದ ಚೋ-7 ಅನ್ನು ಜೇಬಿನಲ್ಲಿಟ್ಟುಕೊಂಡು ಹೊರಟೆ.

ಡಾಕ್ಟರಮ್ಮ ಮಗುವನ್ನು ನೋಡಿದರು. ಲಂಗೋಟಿಯನ್ನು ಬಿಚ್ಚಿ ಮೂಸಿದರು. ಆಮೇಲೆ ಲೋಟದಿಂದ ನಾಲ್ಕು ಹನಿ ನೀರನ್ನು ಅದರ ಮೇಲೆ ಬಿಟ್ಟರು. ಹನಿ ಇಳಿಯಲಿಲ್ಲ. ಗುಂಡಗೆ ನಿಂತು, ಆಚೆ ಈಚೆ ಉರುಳಿ, ಮೇಜಿನ ಮೇಲೆ ಬಿತ್ತು.

"ನೋಡಿದ್ರಾ ನುಣುಪು," ಎಂದೆ ಹೆಮ್ಮೆಯಿಂದ.

"ನೋಡಿದೆ," ಎಂದರು ಅವರು. "ಲಂಗೋಟಿ ಇರೋದು ನೀರು ಹೀರ್ಕೊಳ್ಳೋಕೆ ತಾನೇ? ಇದು ಹೀರ್ತಾನೇ ಇಲ್ಲ. ಒದ್ದೆಯೆಲ್ಲ ಮಗು ಚರ್ಮಕ್ಕೇ ಅಂಟ್ಕೊಂಡು ಕೂರುತ್ತೆ. ಅದರ ಮೇಲೆ ಈ ವಾಸನೆ ಬೇರೆ. ಇದಕ್ಕೆ ಏನೇನು ಹಾಕ್ತೀರಿ?"

"ಅದು ಅಂಗಡಿ ಗುಟ್ಟು."

"ಗುಟ್ಟು ಅಂಗಡಿಲೇ ಇರಲಿ. ಲಂಗೋಟಿಗೆ ಸೌಮ್ಯವಾದ ಸೋಪು ಸ್ವಲ್ಪ, ಬರೀ ನೀರಲ್ಲಿ ಚೆನ್ನಾಗಿ ಜಾಲಿಸೋದು, ಬಿಸಿಲು, ಅಷ್ಟೇ. ಒದ್ದೆ ಆದ ತಕ್ಷಣ ಬದಲಾಯಿಸಿ. ಉಜ್ಜಬೇಡಿ, ಮೆತ್ತಗೆ ಒತ್ತಿ ಒರೆಸಿ. ದಿನಕ್ಕೆ ಒಂದಿಷ್ಟು ಹೊತ್ತು ಏನೂ ಕಟ್ಟದೆ ಗಾಳಿಗೆ ಬಿಡಿ. ಈ ಮುಲಾಮು ಹಚ್ಚಿ. ಮೂರ್ನಾಲ್ಕು ದಿನದಲ್ಲಿ ಕಮ್ಮಿ ಆಗ್ಲಿಲ್ಲ ಅಂದ್ರೆ ಕರ್ಕೊಂಡು ಬನ್ನಿ."

ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡದಿರುವುದರಲ್ಲೇ ಎಲ್ಲವನ್ನೂ ಹೇಳುವ ಕಲೆ ಅವಳಿಗೆ ಗೊತ್ತು. ಮನೆಗೆ ಬಂದವನೇ ನಾನು ಹಜಾರದ ನಡುವೆ ನಿಂತು ಘೋಷಿಸಿದೆ. "ಡಾಕ್ಟರಿಗೆ ಚರ್ಮ ಗೊತ್ತಿರಬಹುದು, ಬಟ್ಟೆ ಗೊತ್ತಿಲ್ಲ. ಅದೇ ಲಂಗೋಟಿನ ನಾನು ಒಂದು ದಿನ ಪೂರ್ತಿ ಕಟ್ಕೊಂಡು ತೋರಿಸ್ತೀನಿ. ಏನಾಗುತ್ತೆ ನೋಡೇಬಿಡೋಣ."

ಬೇಡ ಎನ್ನುತ್ತಾರೆಂದು ಕಾದೆ. ಯಾರೂ ಅನ್ನಲಿಲ್ಲ. ಅತ್ತೆ ಎದ್ದು ಹೋಗಿ ನೋಟ್‌ಬುಕ್ ತಂದರು.

"ಪ್ರಯೋಗ ಅಂದ್ಮೇಲೆ ಎರಡೂ ಕಡೆ ಒಂದೇ ತರಹ ಇರಬೇಕು ಅಳಿಯಂದ್ರೇ. ಮಗುಗೆ ಎರಡು ಗಂಟೆಗೊಂದ್ಸಲ ಒದ್ದೆ ಆಗುತ್ತೆ. ನಿಮಗೂ ಆಗಬೇಕು."

"ಆಗ್ಲಿ."

"ನೀರಿಗೆ ಸ್ವಲ್ಪ ಉಪ್ಪು ಹಾಕ್ತೀನಿ. ಬರೀ ನೀರಾದ್ರೆ ಮಗುಗೆ ಅನ್ಯಾಯ ಮಾಡಿದ ಹಾಗಾಗುತ್ತೆ."

ಮರುದಿನ ಬೆಳಿಗ್ಗೆ ಆರು ಲಂಗೋಟಿಗಳನ್ನು ಜೋಡಿಸಿ (ನನ್ನ ಸೊಂಟದ ಸುತ್ತಳತೆ ಅಷ್ಟಿದೆ) ಕಟ್ಟಿಕೊಂಡು, ಮೇಲೆ ಕಪ್ಪು ಪ್ಯಾಂಟು ತೊಟ್ಟು ಅಂಗಡಿಗೆ ಇಳಿದೆ. ಎಂಟು ಗಂಟೆಗೆ ಅತ್ತೆ ಚೊಂಬು ಹಿಡಿದು ಬಂದರು. ಇಸ್ತ್ರಿ ಮೇಜಿನ ಹಿಂದೆ ಹೋಗಿ ನಾನೇ ಸೊಂಟದೊಳಗೆ ಸುರಿದುಕೊಂಡೆ. ಅತ್ತೆ ಗೋಡೆ ಕಡೆ ಮುಖ ಮಾಡಿ ಸಮಯ ಬರೆದುಕೊಂಡರು. ಹತ್ತಕ್ಕೆ ಮತ್ತೆ ಚೊಂಬು. ಹನ್ನೆರಡಕ್ಕೆ ಮತ್ತೆ. ಮನುಷ್ಯ ಮರೆಯಬಹುದು, ಗಡಿಯಾರ ಕೆಡಬಹುದು, ಅತ್ತೆಯ ಚೊಂಬು ಮಾತ್ರ ತಪ್ಪಲಿಲ್ಲ.

ಒಂದು ಗಂಟೆಗೆ ಸಣ್ಣಗೆ ಕೆರೆತ ಶುರುವಾಯಿತು. ಎರಡಕ್ಕೆ ಅದು ಉರಿಯಾಯಿತು. ಮೂರಕ್ಕೆ ಬ್ಯಾಂಕ್ ಮ್ಯಾನೇಜರು ಕೋಟು ತೆಗೆದುಕೊಳ್ಳಲು ಬಂದರು.

"ಏನ್ರೀ, ಕೂತ್ಕೊಳ್ಳಿ. ಯಾಕೆ ನಿಂತೇ ಇದ್ದೀರಿ?"

"ಗಿರಾಕಿಗಳು ಬಂದಾಗ ನಾನು ಕೂರಲ್ಲ ಸಾರ್."

"ಕಾಲು ಅಗಲಿಸಿ ನಿಂತಿದ್ದೀರಲ್ಲ?"

"ಅದು ಗೌರವ ಜಾಸ್ತಿ ಆದಾಗ ಹಾಗಾಗುತ್ತೆ."

ಅವರು ಹೋದ ಮೇಲೆ ಇಸ್ತ್ರಿ ಮೇಜಿನ ಅಂಚನ್ನು ಹಿಡಿದು ನಿಂತೆ. ಆಗ ಥಟ್ಟನೆ ಒಂದು ವಿಚಾರ ತಲೆಗೆ ಬಂತು. ಇದು ನನಗೆ ಏಳು ಗಂಟೆಯ ಕಷ್ಟ. ನನಗೆ ಬಾಯಿದೆ, ಬಿಚ್ಚಿ ಬಿಸಾಡಲು ಕೈಯಿದೆ. ಆ ಪುಟ್ಟ ಜೀವ ಇದನ್ನು ಎಷ್ಟು ದಿನ ಕಟ್ಟಿಕೊಂಡು ಮಲಗಿತ್ತೋ. ಅತ್ತರೆ ನಾನು ಹಸಿವು ಅಂದೆ, ನಿದ್ದೆ ಅಂದೆ, ಹಟ ಅಂದೆ. ನನ್ನ ಕಣ್ಣಲ್ಲಿ ನೀರು ಬಂತು. (ಉರಿಗೂ ಸ್ವಲ್ಪ ಬಂದಿರಬಹುದು.) ಹಿತ್ತಲಿಗೆ ಹೋಗಿ ಕೊನೇ ನೀರಿನ ಪೀಪಾಯಿಯನ್ನು ಮೋರಿಗೆ ಬೋರಲು ಹಾಕಿದೆ. ಮಹಡಿಯ ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು.

"ಏನ್ರೀ ಮಾಡ್ತಿದ್ದೀರಿ?"

"ಪೀಪಾಯಿ ತೊಳೀತಿದ್ದೀನಿ. ಲಾಂಡ್ರಿಯವನು ತೊಳೆಯೋದ್ರಲ್ಲಿ ಏನು ವಿಶೇಷ?"

ಸಂಜೆ ಪರೀಕ್ಷೆ ನಡೆಯಿತು. ಹೆಂಡತಿ ಕೋಣೆಯೊಳಗೆ, ಅತ್ತೆ ಮುಚ್ಚಿದ ಬಾಗಿಲಿನ ಹೊರಗೆ ನೋಟ್‌ಬುಕ್ ಹಿಡಿದು.

"ಅಮ್ಮಾ, ಕೆಂಪಗಿದೆ ಅಂತ ಬರ್ಕೋ. ಗುಳ್ಳೆನೂ ಇದೆ."

"ಮಗುಗಿಂತ ಜಾಸ್ತಿನಾ, ಕಮ್ಮಿನಾ?"

"ಜಾಗ ಜಾಸ್ತಿ ಅಲ್ವಾ ಅಮ್ಮಾ, ಗುಳ್ಳೆನೂ ಜಾಸ್ತಿ."

"ಇದು ಉಪ್ಪಿನಿಂದ ಬಂದಿದ್ದು," ಎಂದು ನಾನು ದಿಂಬಿನೊಳಗಿಂದಲೇ ಪ್ರತಿಭಟಿಸಿದೆ. ಆ ವಾಕ್ಯವನ್ನು ಅತ್ತೆ ಬರೆದುಕೊಳ್ಳಲಿಲ್ಲ.

ನಾಲ್ಕು ದಿನ ಕಳೆದಿದೆ. ಅತ್ತೆ ಲಂಗೋಟಿಗಳನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ ನನ್ನ ಗುಟ್ಟನ್ನೆಲ್ಲ ಹೊರತೆಗೆದು, ಬಿಸಿಲಿಗೆ ಒಣಗಿಸಿದರು. ಈಗ ಅವುಗಳ ಮೇಲೆ ನೀರು ಬಿಟ್ಟರೆ ಗುಟುಕ್ಕನೆ ಕುಡಿಯುತ್ತವೆ. ಚೋಟುವಿನ ಗುಳ್ಳೆ ಬಾಡಿದೆ. ಬೆಳಿಗ್ಗೆ ತಾರಸಿಯ ಎಳೆಬಿಸಿಲಲ್ಲಿ ಚಾಪೆಯ ಮೇಲೆ ಬರಿಮೈಯಲ್ಲಿ ಬೋರಲು ಮಲಗಿ ಕಿಲಕಿಲ ನಗುತ್ತಾಳೆ. ಅವಳ ಅಪ್ಪನೂ ಒಳಗಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಅದೇ ಭಂಗಿಯಲ್ಲಿ, ಅದೇ ಮುಲಾಮು ಹಚ್ಚಿಸಿಕೊಂಡು ಮಲಗುತ್ತಾನೆ. ನಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಂತ ನಾನು ಸೋತೆ ಎಂದು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಇವತ್ತು ಮಧ್ಯಾಹ್ನ ಇದೇ ಮಾತನ್ನು ಹಜಾರದಲ್ಲಿ ನಿಂತು ಹೇಳಿದೆ. "ಗುಳ್ಳೆ ಬಂದಿರಬಹುದು. ಆದ್ರೆ ಈ ಮನೇಲಿ ಒಗೆತ ಅಂದ್ರೆ ಏನು ಅಂತ ಗೊತ್ತಿರೋದು ನನಗೊಬ್ಬನಿಗೇ."

"ಹೌದು ಅಳಿಯಂದ್ರೇ," ಎಂದರು ಅತ್ತೆ ಬಹಳ ವಿನಯದಿಂದ. "ಅದಕ್ಕೇ ನಿಮ್ಮ ಪದ್ಧತಿ ತಪ್ಪದ ಹಾಗೆ ನೋಡ್ಕೊಂಡಿದ್ದೀನಿ."

ನನಗೆ ಅರ್ಥವಾಗಲಿಲ್ಲ. ಬಟ್ಟೆ ತರಲು ತಾರಸಿಗೆ ಹೋದೆ. ತಂತಿಯ ಮೇಲೆ ಚೋ-1ರಿಂದ ಚೋ-24ರವರೆಗೆ ಸಾಲಾಗಿ ಒಣಗುತ್ತಿದ್ದವು. ಅವುಗಳ ಪಕ್ಕದಲ್ಲಿ, ಬೀದಿಗೆ ಚೆನ್ನಾಗಿ ಕಾಣುವಂತೆ, ನನ್ನ ದೊಡ್ಡ ಪಟಾಪಟಿ ಚಡ್ಡಿ ಹಾರಾಡುತ್ತಿತ್ತು. ಅದರ ಹಿಂಭಾಗದಲ್ಲಿ ನನ್ನದೇ ಶಾಯಿಯಲ್ಲಿ, ಅತ್ತೆಯ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ಚೋ-25.

ಸಂಜೆಯವರೆಗೆ ಉಜ್ಜಿದೆ. ಇಪ್ಪತ್ತೆರಡು ವರ್ಷದಲ್ಲಿ ಕಲಿತ ವಿದ್ಯೆಯನ್ನೆಲ್ಲ ಹಾಕಿ ಉಜ್ಜಿದೆ. ಚಡ್ಡಿ ಹರಿಯಿತು. ನಂಬರು ಹೋಗಲಿಲ್ಲ.