ಎಡಗಡೆಯ ಬ್ರೇಕು

ಇದನ್ನು ಬರೆಯುವುದನ್ನು ಹನ್ನೆರಡು ವರ್ಷಗಳಿಂದ ಮುಂದೂಡುತ್ತಾ ಬಂದಿದ್ದೇನೆ. ಮೊದಲು ಕೆಲಸವಿತ್ತು. ನಿವೃತ್ತಿಯಾದ ಮೇಲೆ ಕೆಲಸವೇ ಇಲ್ಲದ್ದರಿಂದ ಪುರುಸೊತ್ತು ಸಿಗಲಿಲ್ಲ. ಆಮೇಲೆ ಕಣ್ಣಿಗೆ ಪೊರೆ ಬಂತು. ಪೊರೆ ತೆಗೆಸಿದ ಮೇಲೆ ಪೆನ್ನು ಕಾಣೆಯಾಯಿತು. ಈಗ ನೆಪಗಳೆಲ್ಲ ಖಾಲಿಯಾಗಿವೆ, ಪೆನ್ನು ಜೇಬಿನಲ್ಲೇ ಇದೆ.

ವಡೋದರಾದ ಫತೇಗಂಜ್ ಹತ್ತಿರದ ಒಂದು ಹೌಸಿಂಗ್ ಸೊಸೈಟಿಯಲ್ಲಿ ನಮ್ಮ ಮನೆ. ಮನೆಯ ಕೆಳಗೆ ಗ್ಯಾರೇಜು. ಅದರೊಳಗೆ ಒಂದು ಹಳೆಯ ಬಿಳಿ ಅಂಬಾಸಿಡರ್. ಹಿಂದೆ ಅದು ಡ್ರೈವಿಂಗ್ ಕಲಿಸುವ ಕಾರಾಗಿತ್ತು. ಹಾಗಾಗಿ ಅದಕ್ಕೆ ಎರಡು ಬ್ರೇಕು, ಎರಡು ಕನ್ನಡಿ. ಬಲಗಡೆಯವು ಕಲಿಯುವವರಿಗೆ, ಎಡಗಡೆಯವು ಕಲಿಸುವವರಿಗೆ. ಬಾನೆಟ್ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದೊಂದು ಎಲ್. ಎರಡೂ ಕಡೆಯ ಬಾಗಿಲ ಮೇಲೆ ಗುಜರಾತಿ ಅಕ್ಷರಗಳಲ್ಲಿ, ಅದೇ ಕೆಂಪಿನಲ್ಲಿ, ಕಲಿಸುತ್ತಿದ್ದವರ ಹೆಸರು. ಆ ಹೆಸರನ್ನು ಕೊನೆಯಲ್ಲಿ ಹೇಳುತ್ತೇನೆ, ಧೈರ್ಯ ಉಳಿದಿದ್ದರೆ. ಸದ್ಯಕ್ಕೆ ಮೇಡಂ ಎನ್ನೋಣ.

ಮೇಡಂ ಧಾರವಾಡದ ಕಡೆಯವರು. ಎತ್ತರ ಐದಡಿಗೆ ಒಂದಂಗುಲ ಕಡಿಮೆ. ನಮ್ಮ ಸೊಸೈಟಿಯ ಹೆಂಗಸರಿಗೆಲ್ಲ ಕಾರು ಕಲಿಸುತ್ತಿದ್ದರು. ನಾನಾದರೋ ಇಪ್ಪತ್ತನೇ ವಯಸ್ಸಿಗೇ ಲಾರಿ ಓಡಿಸಿದವನು! ಹಾಗೆಂದು ಸೊಸೈಟಿಯ ಬೆಂಚಿನ ಮೇಲೆ ಕೂತು ಎಲ್ಲರಿಗೂ ಹೇಳಿದ್ದೆ. ನಿಜಕ್ಕೂ ನಾನು ಓಡಿಸಿದ್ದು ರೈಲ್ವೆ ಪಾರ್ಸೆಲ್ ಆಫೀಸಿನ ತಳ್ಳುಗಾಡಿ. ಬೆಂಚಿನವರು ಒಂದು ದಿನ ಮದುವೆ ದಿಬ್ಬಣದ ಕಾರು ಓಡಿಸಿ ಎಂದರೆ ಮಾನ ಹೋಗುತ್ತದಲ್ಲ ಎಂದು ಹೆದರಿ, ಮೇಡಂ ಹತ್ತಿರ ಗುಟ್ಟಾಗಿ ಕಲಿಯತೊಡಗಿದೆ. ಬೆಳಗಿನ ಆರು ಗಂಟೆಗೆ, ಯೂನಿವರ್ಸಿಟಿಯ ಹಿಂದಿನ ರಸ್ತೆಯಲ್ಲಿ. ಹೆಂಡತಿಗೆ ವಾಕಿಂಗ್ ಎಂದು ಹೇಳಿದ್ದೆ.

"ಯಾರಿಗೂ ಹೇಳಬಾರದು ಮೇಡಂ," ಎಂದು ಕೈಮುಗಿದಿದ್ದೆ.

"ಹೇಳಂಗಿಲ್ಲ ತಗೋರಿ ರಾಯರ. ಆದ್ರ ಕ್ಲಚ್ ಮ್ಯಾಲಿನ ಕಾಲ್ ತಗೀರಿ. ಅದು ಚಪ್ಪಲಿ ಇಡೂ ಜಾಗಾ ಅಲ್ಲ."

ಒಂದು ಬೆಳಿಗ್ಗೆ ಕಾರನ್ನು ಸೊಸೈಟಿಯೊಳಗೆ ನಾನೇ ತರುತ್ತೇನೆ ಎಂದು ಹಟ ಹಿಡಿದೆ. ತಂದೆ. ಹಿಂದಕ್ಕೆ ತೆಗೆಯುವಾಗ ಬ್ರೇಕು ಎಂದು ಬೇರೆಯದನ್ನು ಒತ್ತಿದೆ. ಅವರು ಎಡಗಡೆಯ ಬ್ರೇಕನ್ನು ಎಷ್ಟು ಒತ್ತಿದರೂ ಅಷ್ಟರಲ್ಲಿ ಕಾರಿನ ಬೆನ್ನು ಚಬೂತರೋಗೆ ಬಡಿದಿತ್ತು. ಚಬೂತರೋ ಎಂದರೆ ಪಾರಿವಾಳಗಳಿಗೆ ಕಾಳು ಹಾಕಲು ಕಟ್ಟಿದ ಗೂಡಿನ ಕಂಬ. ಸೊಸೈಟಿಯವರಿಗೆ ಅದು ದೇವಸ್ಥಾನಕ್ಕಿಂತ ಒಂದು ಗೇಣು ಮಾತ್ರ ಕೆಳಗೆ. ಗೂಡು ಉರುಳಿತು. ನೂರಾರು ರೆಕ್ಕೆಗಳು ಒಮ್ಮೆಲೇ ಎದ್ದವು. ಆ ಸದ್ದಿಗೆ ಜನ ಓಡಿ ಬಂದರು.

ಅಷ್ಟರಲ್ಲಿ ನಾನು ಕಾರಿನಿಂದ ಇಳಿದು ಬೇವಿನ ಮರದ ಕೆಳಗೆ ನಿಂತಿದ್ದೆ! ಜೀವನದಲ್ಲಿ ಅಷ್ಟು ಚುರುಕಾಗಿ ನಾನು ಏನನ್ನೂ ಮಾಡಿದ್ದಿಲ್ಲ.

"ಯಾರು ಓಡಿಸ್ತಿದ್ದದ್ದು?" ಎಂದು ಎದುರುಮನೆಯ ಕೋಕಿಲಾಬೆನ್ ಕೇಳಿದರು.

"ಹಾಗೆ ಹಿಂದಕ್ಕೆ ತೆಗೀಬೇಡಿ ಅಂತ ನಾನು ಕೂಗ್ತಾನೇ ಇದ್ದೆ," ಎಂದೆ.

ಕಾರಿನೊಳಗೆ ಉಳಿದದ್ದು ಮೇಡಂ ಒಬ್ಬರೇ, ಯಾವ ಸೀಟಿನಲ್ಲಿ ಎಂದು ಯಾರೂ ನೋಡಲಿಲ್ಲ. ಎಡಗಡೆಯ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದರು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದರಲ್ಲ, ಹೇಳಲಿಲ್ಲ.

ಕಲಿಸುವವಳೇ ಗುದ್ದಿದಳಂತೆ ಎಂದು ಸುದ್ದಿಯಾಯಿತು. ಹೆಂಗಸರು ಒಬ್ಬೊಬ್ಬರಾಗಿ ಬಿಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ಮೇಡಂ ಕ್ಲಾಸು ಮುಚ್ಚಿ, ಸೂರತ್‌ನ ತಂಗಿಯ ಮನೆಗೆ ಹೋದರು. ಹೋಗುವಾಗ ಕಾರನ್ನು ನಾನು ಕೊಂಡೆ, ಉಪಕಾರ ಮಾಡುವವನಂತೆ! ಆಮೇಲೆ ಅಹಮದಾಬಾದಿನ ಮಣಿನಗರದಲ್ಲಿ, ಪರಿಚಯದ ನಾಯಿಯೂ ಇಲ್ಲದ ಜಾಗದಲ್ಲಿ, ಬೇರೆಯವರಿಂದ ಕಲಿತು ಲೈಸೆನ್ಸ್ ಪಡೆದೆ. ಕಾರನ್ನು ಮಾತ್ರ ಹೊರಗೆ ತೆಗೆಯಲಿಲ್ಲ. ತಿಂಗಳಿಗೊಮ್ಮೆ ಇಂಜಿನ್ ಚಾಲೂ ಮಾಡಿ, ಟಾರ್ಪಾಲು ಹೊದಿಸಿ ಬರುತ್ತಿದ್ದೆ.

ಹೀಗಿರಲು, ಕಳೆದ ವರ್ಷ ಒಂದು ದಿನ ನನ್ನ ಹೆಂಡತಿ ಪದ್ಮಾ ಫೋನ್ ಇಟ್ಟು ಹೇಳಿದಳು: "ರೀ, ಮೇಡಂ ಬರ್ತಿದಾರೆ! ಬರೋ ಭಾನುವಾರ, ಕನ್ನಡ ಸಂಘದ ಕಾರ್ಯಕ್ರಮಕ್ಕೆ. ಸ್ಟೇಷನ್ನಿಂದ ಅವರ ಕಾರಲ್ಲೇ ಕರ್ಕೊಂಡು ಬರ್ತೀವಿ ಅಂದಿದೀನಿ."

ಎಂಟು ದಿನ. ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು, ಅವರ ಕ್ಷಮೆ ಕೇಳುವುದು. ಇನ್ನೊಂದು, ಕಾರಿಗೆ ಬಣ್ಣ ಹೊಡೆಯುವುದು. ಬೆನ್ನಿನ ತಗ್ಗು ಮುಚ್ಚಿ, ಹೆಸರು ಅಳಿಸಿ, ಹೊಸದರಂತೆ ಮಾಡಿಬಿಟ್ಟರೆ ನಡೆದದ್ದೂ ನಡೆಯಲಿಲ್ಲ ಎಂದಾಗುತ್ತದೆ. ಬಣ್ಣ ಸುಲಭ ಎನಿಸಿತು.

"ಹನೀಫ್‌ಭಾಯಿನ ಕರೀರಿ," ಎಂದಳು ಪದ್ಮಾ. ಹನೀಫ್‌ಭಾಯಿ ಕಾರುಗಳಿಗೆ ಬಣ್ಣ ಹೊಡೆಯುವವನು, ಮೇಡಂ ಕಾಲದಿಂದಲೂ ಆ ಕಾರನ್ನು ಬಲ್ಲವನು.

"ಬೇಡ. ಫೋನಲ್ಲಿ ಮೂರು ವಿಡಿಯೋ ನೋಡಿದೀನಿ."

"ಮೂರು ವಿಡಿಯೋ ನೋಡಿ ಹೋಳಿಗೆ ಮಾಡಿದ್ರಲ್ಲ, ಅದನ್ನ ಇನ್ನೂ ಬಾಗಿಲಿಗೆ ಒತ್ತು ಕೊಡ್ತಿದೀನಿ."

ಹೀಗೆ ಆಶೀರ್ವಾದ ಪಡೆದು ಕೆಲಸ ಆರಂಭಿಸಿದೆ. ಹಳೆಯ ಬಣ್ಣವನ್ನು ತಗಡು ಕಾಣುವವರೆಗೆ ಉಜ್ಜಿ ತೆಗೆಯಬೇಕು ಎಂದು ಮೂರೂ ವಿಡಿಯೋಗಳು ಹೇಳಿದ್ದವು. ಉಪ್ಪುಕಾಗದ ಹಿಡಿದು ಅರ್ಧ ಗಂಟೆ ಉಜ್ಜಿದೆ. ಭುಜ ಹಿಡಿದುಕೊಂಡಿತು. ಹೇಗೂ ಮೇಲೆ ಪ್ರೈಮರ್ ಬರುತ್ತದೆ, ಒಳಗಿರುವುದು ಯಾರಿಗೆ ಕಾಣುತ್ತದೆ? ತಗ್ಗಿಗೆ ಪುಟ್ಟಿ ಮೆತ್ತಿ, ಧೂಳು ಒರೆಸಿ, ಗಾಜುಗಳಿಗೆ ಹಳೆಯ ಪೇಪರ್ ಅಂಟಿಸಿದೆ. ಕಣ್ಣು ಕಟ್ಟಿದವರಂತೆ ಕಾರು ಸುಮ್ಮನೆ ನಿಂತಿತ್ತು.

ಬಾಡಿಗೆಗೆ ಕಂಪ್ರೆಸರ್ ತಂದಿದ್ದೆ. ಗಾಳಿ ಕಡಿಮೆಯಾದಾಗ ಅದು ತಾನಾಗಿಯೇ ಘರ್ರ್ ಎಂದು ಶುರುವಾಗುತ್ತದೆ, ತುಂಬಿದಾಗ ತಾನಾಗಿಯೇ ನಿಲ್ಲುತ್ತದೆ. ಮಟಮಟ ಮಧ್ಯಾಹ್ನ. ಊಟ ಮುಗಿಸಿ ಸೊಸೈಟಿಗೆ ಸೊಸೈಟಿಯೇ ಮಲಗಿತ್ತು. ಧೂಳು ಬಾರದಿರಲೆಂದು ಷಟರನ್ನು ಮುಕ್ಕಾಲು ಇಳಿಸಿದ್ದೆ. ನಾನು, ಕಾರು, ಮತ್ತು ಮೂಲೆಯಲ್ಲಿ ಉಸಿರು ಎಳೆದುಕೊಳ್ಳುವ ಆ ಯಂತ್ರ. ಬೂದು ಪ್ರೈಮರನ್ನು ಬಾನೆಟ್ ಮೇಲೆ ಹೊಡೆದೆ. ರೇಷ್ಮೆಯಂತೆ ಕೂತಿತು. ಭಲೇ ಎಂದುಕೊಂಡೆ.

ಆಗ ಅದು ಕಣ್ಣು ಬಿಟ್ಟಿತು.

ಮೊದಲು ಒಂದು. ಸಾಸಿವೆಯಷ್ಟು ಸಣ್ಣ, ದುಂಡಗಿನ ತೂತು, ಸುತ್ತ ಒಂದು ಉಬ್ಬಿದ ಅಂಚು. ನಾನು ನೋಡುತ್ತಿದ್ದಂತೆ ಪಕ್ಕದಲ್ಲಿ ಇನ್ನೊಂದು. ಆಮೇಲೆ ಹತ್ತು, ನೂರು. ಹಸಿ ಬಣ್ಣ ಒಳಗಿನಿಂದ ಸರಿದು ಸರಿದು ದಾರಿ ಬಿಡುತ್ತಿತ್ತು, ಪುಟ್ಟ ಪುಟ್ಟ ಕಣ್ಣುಗಳು ಸದ್ದಿಲ್ಲದೆ ತೆರೆದುಕೊಳ್ಳುತ್ತಿದ್ದವು. ನಾನು ಎಡಕ್ಕೆ ಸರಿದೆ. ಎಲ್ಲವೂ ನನ್ನನ್ನೇ ನೋಡಿದವು. ಬಲಕ್ಕೆ ಸರಿದೆ. ಆಗಲೂ ನೋಡಿದವು. ವೆಂಟಿಲೇಟರಿನಲ್ಲಿ ಒಂದು ಪಾರಿವಾಳ ಕೂತಿತ್ತು. ಅದೂ ನೋಡಿತು.

"ಪದ್ಮಾ!"

ಪದ್ಮಾ ಬಂದಳು, ಬಗ್ಗಿದಳು, ಮೂಸಿದಳು. "ಧೂಳು ಯಾವುದರಲ್ಲಿ ಒರೆಸಿದ್ರಿ?"

ಟವಲು ತೋರಿಸಿದೆ.

"ಅಯ್ಯೋ, ಇದು ನಿಮ್ಮ ಎಣ್ಣೆಸ್ನಾನದ್ದು! ತಿಪಟೂರಿನ ಕೊಬ್ಬರಿ ಎಣ್ಣೆ ಹಚ್ಚಿದ ಮೇಲೆ ಬಣ್ಣ ಎಲ್ಲಿ ನಿಲ್ಲುತ್ತೆ?"

ಅಂದರೆ ಆ ಕಣ್ಣುಗಳೆಲ್ಲ ನನ್ನ ತಲೆಯಿಂದಲೇ ಬಂದವು. ತಲೆಯೊಳಗಿನಿಂದಲ್ಲ, ತಲೆಯ ಮೇಲಿನಿಂದ. ಎರಡು ದಿನ ಅವುಗಳನ್ನು ಉಜ್ಜಿ ಮುಚ್ಚಿದೆ.

ನಾಲ್ಕನೇ ದಿನ ಮಧ್ಯಾಹ್ನ ಕಾರಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ತಗ್ಗನ್ನು ನೋಡುತ್ತಿದ್ದೆ. ಮೆತ್ತಿದ ಪುಟ್ಟಿ ಒಣಗುತ್ತಾ ಕುಗ್ಗಿ, ತಗ್ಗಿನ ಅಂಚು ಮತ್ತೆ ಉಂಗುರದಂತೆ ಮೂಡಿತ್ತು. ಅದರ ಮೇಲೆ ಕೈಯೂರಿ ಉಜ್ಜತೊಡಗಿದೆ. ಕಾರು ಮೆಲ್ಲಗೆ ತೂಗಿತು. ಒಳಗೆ ಏನೋ ಸರಿದ ಸದ್ದು. ಕಾಲು ಎಳೆದು ಇಟ್ಟಂತೆ. ಕೂಡಲೇ ಬ್ರೇಕ್ ದೀಪ ಹೊತ್ತಿಕೊಂಡಿತು.

ನನ್ನ ಕೈ ಕೆಂಪಾಯಿತು. ಪುಟ್ಟಿ ಕೆಂಪಾಯಿತು. ಗ್ಯಾರೇಜಿನ ಗೋಡೆಯೆಲ್ಲ ಕೆಂಪಾಯಿತು. ಕಾರಿನಲ್ಲಿ ಯಾರೂ ಇಲ್ಲ. ಯಾರೋ ಬ್ರೇಕು ಒತ್ತಿ ಹಿಡಿದಿದ್ದಾರೆ. ಬಿಡುತ್ತಿಲ್ಲ. ಹನ್ನೊಂದು ವರ್ಷಗಳ ಹಿಂದೆ ಒತ್ತಿದ್ದು ಈಗ ತಗುಲಿದಂತೆ.

ಬಗ್ಗಿ, ಪೇಪರಿನ ಸಂದಿನಿಂದ ಒಳಗೆ ಇಣುಕಿದೆ. ಎಡಗಡೆಯ ಬ್ರೇಕು ಕೆಳಗಿತ್ತು.

ಷಟರಿನ ಕೆಳಗಿನಿಂದ ಹೊರಗೆ ನುಗ್ಗಿದೆ. ಷಟರು ಇಳಿದಷ್ಟು ನಾನು ಬಗ್ಗಿರಲಿಲ್ಲ. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತು. ಪದ್ಮಾ ನಿರ್ಭಯವಾಗಿ ಒಳಗೆ ಹೋಗಿ, ಐದು ಲೀಟರಿನ ಒಂದು ಡಬ್ಬ ಹಿಡಿದು ಹೊರಬಂದಳು.

"ಇಗೋ ನಿಮ್ಮ ದೆವ್ವ. ಹೆಸರು ಥಿನ್ನರ್. ಎಡಗಡೆ ಬ್ರೇಕಿನ ಮೇಲೆ ವಾಲಿಕೊಂಡಿತ್ತು. ಯಾರು ಇಟ್ಟಿದ್ದು ಅಲ್ಲಿ?"

ನಾನೇ ಇಟ್ಟಿದ್ದೆ.

ಐದನೇ ದಿನ ಬಿಳಿ ಬಣ್ಣ. ಇದರಲ್ಲಿ ನನ್ನ ಕಡೆಯಿಂದ ಯಾವ ಲೋಪವೂ ಆಗಲಿಲ್ಲ ಎಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ. ಸಮನಾಗಿ ಹೊಡೆದೆ. ಎಲ್ ಹೋಯಿತು, ಹೆಸರು ಹೋಯಿತು. ಹಾಲಿನಂಥ ಕಾರು. ಪದ್ಮಾಳನ್ನು ಕರೆದು ತೋರಿಸಿದೆ. ಅವಳೇ ಹೊಗಳಿದಳು! ನೆಮ್ಮದಿಯಿಂದ ಊಟ ಮಾಡಿ ಕೆಳಗೆ ಬಂದೆ.

ಬಾನೆಟ್ಟಿನ ಬಿಳುಪಿನೊಳಗೆ ಯಾರೋ ನಾಚಿಕೊಂಡಂತೆ ತೆಳುವಾದ ಗುಲಾಬಿ. ಒಂದು ಉದ್ದ ಗೆರೆ, ಒಂದು ಅಡ್ಡ ಗೆರೆ. ಎಲ್.

ಇನ್ನೊಂದು ಕೋಟು ಹೊಡೆದೆ. ಮಾಯವಾಯಿತು. ಕುರ್ಚಿ ಹಾಕಿಕೊಂಡು ಎದುರಿಗೆ ಕೂತೆ, ಯಾರೂ ಬಂದು ಬರೆಯದಂತೆ ಕಾವಲಿಗೆ. ಯಾರೂ ಬರಲಿಲ್ಲ. ನನ್ನ ಕಣ್ಣೆದುರಿಗೇ ಅದು ಒಳಗಿನಿಂದ ಮೇಲೆ ಬಂತು, ಮೊದಲಿಗಿಂತ ಗಾಢವಾಗಿ. ಮೂರನೇ ಕೋಟು. ಈ ಸಲ ಎಲ್ ಒಂದೇ ಬರಲಿಲ್ಲ. ಬಾಗಿಲ ಮೇಲೆ ಹೆಸರೂ ಮೂಡತೊಡಗಿತು. ಕೊನೆಯ ಅಕ್ಷರ ಮೊದಲು, ಆಮೇಲೆ ಅದರ ಹಿಂದಿನದು. ಹಿಂದುಹಿಂದಕ್ಕೆ, ಯಾರೋ ಕಾರನ್ನು ರಿವರ್ಸ್ ತೆಗೆಯುವಂತೆ. ಕಂಪ್ರೆಸರ್ ತಾನಾಗಿಯೇ ಘರ್ರ್ ಎಂದಿತು. ನಾನೂ ಏನೋ ಎಂದೆ, ಬರೆಯುವಂಥದ್ದಲ್ಲ.

ಕೊನೆಗೆ ಹನೀಫ್‌ಭಾಯಿಯನ್ನು ಕರೆಸಿದೆ. ಅವನು ಬಾಗಿಲ ಮೇಲೆ ಬೆರಳಾಡಿಸಿ ನಕ್ಕ.

"ಸಾಬ್, ಲಾಲ್ ರಂಗ್ ಹೈ. ಸೋತಾ ಹೈ, ಮರ್ತಾ ನಹೀಂ."

ಹಳೆಯ ಕೆಂಪು ಸಾಯುವುದಿಲ್ಲವಂತೆ, ಮಲಗಿರುತ್ತದಂತೆ. ಮೇಲಿನ ಬಣ್ಣ ತೆಳುವಾಗಲೆಂದು ಬೆರೆಸಿದ ಥಿನ್ನರ್ ಇಳಿದು ಅದನ್ನು ಎಬ್ಬಿಸುತ್ತದಂತೆ. ಹೊಡೆದಷ್ಟೂ ಏಳುತ್ತದೆ. ಮೊದಲೇ ತಗಡಿನವರೆಗೆ ಉಜ್ಜಿ ತೆಗೆಯಬೇಕಿತ್ತು, ಅಷ್ಟೇ. ಭಾನುವಾರದೊಳಗೆ ಅದು ಆಗದ ಮಾತು.

ಹೊರಡುವಾಗ ಅವನು ಹಿಂದಿನ ತಗ್ಗನ್ನು ತಟ್ಟಿದ. "ಆವತ್ತು ಈ ಕಾರನ್ನು ಗೂಡಿನಿಂದ ಬಿಡಿಸಿ ತಳ್ಳಿಕೊಂಡು ಹೋದವನು ನಾನೇ ಸಾಬ್," ಎಂದ ತನ್ನ ಹಿಂದಿಯಲ್ಲಿ. "ಓಡಿಸುವವರ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ಮೇಡಂ ಅಲ್ಲಿ ಕೂತಿದ್ದರೆ ಅವರ ಕಾಲು ಗಾಳಿಯಲ್ಲಿ ಇರುತ್ತಿತ್ತು."

ನನ್ನ ಎತ್ತರ ಆರಡಿ. ಆ ಕ್ಷಣ ಎರಡೂವರೆ.

"ಯಾರಿಗಾದರೂ ಹೇಳಿದೆಯಾ?"

"ಯಾರೂ ಕೇಳಲಿಲ್ಲ ಸಾಬ್."

ಭಾನುವಾರ ಬಂತು. ಮೇಡಂ ಸ್ಟೇಷನ್ನಿನ ಹೊರಗೆ ಒಂದು ಚೀಲ ಹಿಡಿದು ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾಗಿಲ ಮೇಲಿನ ಗುಲಾಬಿ ಅಕ್ಷರಗಳನ್ನು ನಿಂತು ಓದಿದರು, ತಮ್ಮದೇ ಹೆಸರನ್ನು ಬೇರೆ ಯಾರದೋ ಎಂಬಂತೆ. ಅಭ್ಯಾಸಬಲದಿಂದ ಎಡಗಡೆ ಕೂತರು. ಪದ್ಮಾ ಹಿಂದೆ ಕೂತಳು. ದಾರಿಯುದ್ದಕ್ಕೂ ನಾನು ಬಾಯಲ್ಲಿ ಒಂದೇ ವಾಕ್ಯ ಉರುಳಿಸುತ್ತಿದ್ದೆ: ಮೇಡಂ, ಆವತ್ತು ತಪ್ಪು ನನ್ನದು. ನಾಲ್ಕೇ ಪದ.

ಸೊಸೈಟಿ ಬಂತು. ಹೊಸ ಚಬೂತರೋ ಮೇಲೆ ಪಾರಿವಾಳಗಳು. ಕಾರು ತಿರುಗಿಸಲು ಹಿಂದಕ್ಕೆ ತೆಗೆದೆ. ನನ್ನ ಕಾಲು ಬ್ರೇಕಿಗೆ ಹೋಗುವ ಮೊದಲೇ ಕಾರು ತಾನಾಗಿಯೇ, ಮೆತ್ತಗೆ, ನಿಂತಿತು. ಗೂಡಿಗೆ ಒಂದು ಮೊಳ ಬಾಕಿ. ಮೇಡಂ ಕಾಲು ಎಡಗಡೆಯ ಬ್ರೇಕಿನ ಮೇಲಿತ್ತು. ಎಡಗಡೆಯ ಕನ್ನಡಿಯಲ್ಲಿ ಅದೇ ಕಣ್ಣುಗಳು.

"ಮೇಡಂ..." ಎಂದೆ.

"ಹೇಳ್ರಿ ರಾಯರ." ಅವರು ಕಾಯುತ್ತಿದ್ದರು. ಹನ್ನೊಂದು ವರ್ಷ ಕಾದವರ ಹಾಗೆ, ಅವಸರವಿಲ್ಲದೆ.

ಅಷ್ಟರಲ್ಲಿ ಕಿಟಕಿಯಲ್ಲಿ ಕೋಕಿಲಾಬೆನ್ ಮುಖ! ಹಿಂದೆ ಬೆಂಚಿನ ಮಂಡಳಿ ಸಮಸ್ತವೂ. "ಕೇಮ್ ಛೋ, ಹೇಗಿದೀರಿ ಬೆನ್! ಈ ಸಲ ಬ್ರೇಕು ಸಿಕ್ಕಿತಲ್ಲ?" ಎಂದು ಗುಜರಾತಿಯಲ್ಲಿ ಕೇಳಿ ಗಹಗಹಿಸಿದರು. ಎಲ್ಲರೂ ನಕ್ಕರು. ಸ್ಟೀರಿಂಗ್ ನನ್ನ ಕೈಯಲ್ಲೇ ಇತ್ತು. ಮಾತು ನಾಲಿಗೆಯ ತುದಿಯಲ್ಲಿತ್ತು.

"ಮೇಡಂ, ಕ್ಷಮಿಸಿ," ಎಂದೆ. "ಬಣ್ಣ ಸರಿಯಾಗಿ ಕೂತಿಲ್ಲ."

ಅವರು ಬ್ರೇಕಿನ ಮೇಲಿಂದ ಕಾಲು ತೆಗೆದರು. "ಇರ್ಲಿ ಬಿಡ್ರಿ ರಾಯರ. ಬಿಳೀ ಬಣ್ಣ ಭಾಳ ಕಠಿಣ. ಒಳಗಿಂದೆಲ್ಲಾ ಕಾಣಸ್ತದ." ಆಮೇಲೆ ಕೋಕಿಲಾಬೆನ್ ಕಡೆ ತಿರುಗಿ ನಕ್ಕರು, "ಸಿಕ್ಕಿತು ಬೆನ್, ಈ ಸಲ ಸಿಕ್ಕಿತು."

ಅವರನ್ನು ಸಂಜೆಯ ರೈಲಿಗೆ ಬಿಟ್ಟು ಬಂದ ಮೇಲೆ ಪದ್ಮಾ ಕೇಳಿದಳು: "ಹೇಳಿದ್ರಾ?"

"ಏನನ್ನ?"

"ವಾಕಿಂಗ್ ಹೋಗೋರ ಎಡಗಾಲಿನ ಚಪ್ಪಲಿ ಮಾತ್ರ ಯಾಕೆ ಸವೆಯುತ್ತೆ ಅಂತ ಆಗಲೇ ಅಂದ್ಕೊಂಡಿದ್ದೆ ಕಣ್ರೀ. ನೀವಾಗೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ."

ಅಂದರೆ ಗೊತ್ತಿರಬೇಕಾದವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಬೆಂಚಿನ ಮೇಲಿನವರು ಮಾತ್ರ, ಅವರಿಗಾಗಿಯೇ ನಾನು ಇಷ್ಟೆಲ್ಲ ಬಣ್ಣ ಹೊಡೆದದ್ದು.

ಲೆಕ್ಕ ಹಾಕಿದರೆ ನಾನು ಕ್ಷಮೆ ಕೇಳದವನೇನಲ್ಲ. ಗೂಡು ಬಿದ್ದ ವಾರವೇ ಒಂದು ಮೂಟೆ ಜೋಳ ತಂದು ಪಾರಿವಾಳಗಳ ಕ್ಷಮೆ ಕೇಳಿದ್ದೇನೆ. ಟವಲಿಗಾಗಿ ಪದ್ಮಾಳ ಕ್ಷಮೆ ಕೇಳಿದ್ದೇನೆ. ಕತ್ತಲಲ್ಲಿ ಎಡವಿ, ಥಿನ್ನರ್ ಡಬ್ಬಕ್ಕೂ "ಸಾರಿ" ಎಂದಿದ್ದೇನೆ. ಉಳಿದಿರುವುದು ಒಬ್ಬರು. ಅವರ ಹೆಸರು ನನ್ನ ಗ್ಯಾರೇಜಿನ ಬಾಗಿಲ ಹಿಂದೆ, ಕಾರಿನ ಎರಡೂ ಕಡೆ, ದಿನದಿಂದ ದಿನಕ್ಕೆ ಕೆಂಪಾಗುತ್ತಿದೆ. ನನಗೆ ಗುಜರಾತಿ ಓದಲು ಅಷ್ಟು ಚೆನ್ನಾಗಿ ಬರುವುದಿಲ್ಲ. ಇದೊಂದನ್ನು ಮಾತ್ರ ದೀಪವಿಲ್ಲದೆಯೂ ಓದಬಲ್ಲೆ.

ವತ್ಸಲಾ.